ನೀಲಿ ಬೆಳಕಿನ ಹಳೇ ಕಾರಿಗೆ ಸರಿಯಾದ ಬಣ್ಣಗಳನ್ನು ತಂದ ಬಗೆ

2024ರ ಮೇ ತಿಂಗಳಲ್ಲಿ ನಾನು 2012ರ ಮಾದರಿಯ ಒಂದು ಸಣ್ಣ ಹ್ಯಾಚ್‌ಬ್ಯಾಕ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಎಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲವೂ ಗಟ್ಟಿಯಾಗಿದ್ದವು. ಹಗಲಿನಲ್ಲಿ ನೋಡಿ, ಹಗಲಿನಲ್ಲೇ ಓಡಿಸಿ, ಹಗಲಿನಲ್ಲೇ ಹಣ ಕೊಟ್ಟು ಮನೆಗೆ ತಂದೆ. ನಮ್ಮ ಮನೆ ಮೂಡಿಗೆರೆಯ ಹತ್ತಿರ. ಮಗಳು ಉಜಿರೆಯಲ್ಲಿ ಓದುತ್ತಿರುವುದರಿಂದ ತಿಂಗಳಿಗೆ ಮೂರು ನಾಲ್ಕು ಸಲವಾದರೂ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯನ್ನು ಇಳಿದು ಹತ್ತಬೇಕಾಗುತ್ತದೆ. ಜೂನ್ ಮೊದಲ ವಾರ ಸಂಜೆ ಏಳರ ಹೊತ್ತಿಗೆ ಘಾಟಿ ಹತ್ತುತ್ತಿದ್ದಾಗ ಮಂಜು ಮುಸುಕಿತು. ಹೆಡ್‌ಲೈಟ್ ಹಾಕಿದರೆ ಎದುರಿಗೆ ನೀಲಿ ಬೆರೆತ ಬಿಳಿಯ ಗೋಡೆಯೊಂದು ಎದ್ದು ನಿಂತಿತೇ ಹೊರತು ರಸ್ತೆಯ ಅಂಚಿನ ಗೆರೆ ಕಾಣಲಿಲ್ಲ. ತಿರುವಿನಲ್ಲಿ ಎದುರಾದ ಬಸ್ಸಿನ ಚಾಲಕರು ಗಾಡಿ ನಿಧಾನಿಸಿ, ಕಿಟಕಿಯಿಂದ ಬಾಗಿ, "ಲೈಟ್ ಡಿಮ್ ಮಾಡಿ ಸ್ವಾಮಿ" ಎಂದು ಕೂಗಿ ಹೇಳಿದರು. ನಾನು ಆಗಲೇ ಡಿಮ್‌ನಲ್ಲಿದ್ದೆ.

ಮರುದಿನ ರಾತ್ರಿ ಕಾರನ್ನು ಮನೆಯ ಕಾಂಪೌಂಡ್ ಗೋಡೆಗೆ ಎದುರಾಗಿ ನಿಲ್ಲಿಸಿ, ಒಂದೊಂದೇ ದೀಪವನ್ನು ಉರಿಸಿ, ಸುತ್ತ ನಡೆದು ನೋಡಿ ಬರೆದುಕೊಂಡೆ. ಎಡ ಹೆಡ್‌ಲೈಟಿನ ಬೆಳಕು ನೀಲಿಯಾಗಿತ್ತು, ಬಲದ್ದು ಅದೇ ಜಾತಿಯ ಬಲ್ಬ್ ಇದ್ದರೂ ಮಾಸಿದ ಗಾಜಿನಿಂದಾಗಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಪಾರ್ಕಿಂಗ್ ಲೈಟುಗಳೆರಡೂ ಕಡು ನೀಲಿ ಎಲ್‌ಇಡಿ. ಮುಂದಿನ ಜಾಲರಿಯೊಳಗೆ ಪಾರ್ಕಿಂಗ್ ಲೈಟಿನ ಜೊತೆಗೇ ಹೊತ್ತಿಕೊಳ್ಳುವ ಕೆಂಪು ಸ್ಟ್ರಿಪ್ ಒಂದಿತ್ತು. ಮುಂದಿನ ಎಡ ಇಂಡಿಕೇಟರ್ ಹಳದಿ ಮಿನುಗುವ ಬದಲು ಹೆಚ್ಚುಕಡಿಮೆ ಬಿಳಿಯಾಗಿ ಮಿನುಗುತ್ತಿತ್ತು. ಬಲ ಇಂಡಿಕೇಟರ್ ಹಾಕಿದರೆ ಗಾಬರಿಯಾದವರ ಎದೆಬಡಿತದ ವೇಗ. ಹಿಂದಿನ ದೀಪಗಳಿಗೆ ಕಪ್ಪು ಫಿಲ್ಮ್ ಅಂಟಿಸಲಾಗಿತ್ತು, ಅದರ ಹಿಂದಿನಿಂದ ಬರುತ್ತಿದ್ದುದು ಕೆಂಪಲ್ಲ, ತೆಳು ಗುಲಾಬಿ. ಒಟ್ಟಿನಲ್ಲಿ ಈ ಕಾರಿನ ಹೊರದೀಪಗಳಲ್ಲಿ ಕಾರ್ಖಾನೆ ಕೊಟ್ಟ ಬಣ್ಣದಲ್ಲೇ ಉಳಿದಿದ್ದವು ಕೆಲವೇ.

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಕಾನೂನು ಏನು ಹೇಳುತ್ತದೆ ಎಂದು ಓದಿಕೊಂಡೆ, ಏಕೆಂದರೆ ಯಾವ ಬಣ್ಣವನ್ನು ಬದಲಿಸಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದು ಅಲ್ಲಿಯೇ ತೀರ್ಮಾನವಾಗುವ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ನಿನ ಪ್ರಕಾರ ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. "ಪ್ರತಿಯೊಂದು" ಎಂಬ ಪದವನ್ನು ಗಮನಿಸಬೇಕು: ನನ್ನ ಕಾರಿನಲ್ಲಿ ಅಂಥವು ಕಡಿಮೆಯೆಂದರೂ ಐದಿದ್ದವು.

ಬಣ್ಣಗಳ ವಿಚಾರ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. 108ನೆಯ ನಿಯಮದ ಸಾರವಿಷ್ಟು: ಮುಂದಕ್ಕೆ ಕೆಂಪು ಬೆಳಕು ತೋರಿಸಬಾರದು, ಹಿಂದಕ್ಕೆ ಕೆಂಪಲ್ಲದ ಬೆಳಕು ತೋರಿಸಬಾರದು, ಇಂಡಿಕೇಟರಿನ ಹಳದಿ, ನಂಬರ್ ಪ್ಲೇಟ್ ಬೆಳಗುವ ಬಿಳಿ, ರಿವರ್ಸ್ ದೀಪದ ಬಿಳಿ ಇವು ಅದಕ್ಕಿರುವ ವಿನಾಯಿತಿಗಳು. ನಾವು ಕೆಂಪು ಗೂಟದ ಕಾರು ಎಂದು ಕರೆಯುತ್ತಿದ್ದುದು ಇದೇ ನಿಯಮದಲ್ಲಿದ್ದ ವಿನಾಯಿತಿಯಿಂದ ಹುಟ್ಟಿದ್ದು. 2017ರ ಮೇ 1ರಿಂದ ಮಂತ್ರಿಗಳಿಗೂ ಅದು ಇಲ್ಲವಾಯಿತು. ನೀಲಿ ಸೇರಿದ ಬಹುಬಣ್ಣದ ದೀಪ ತುರ್ತು ಸೇವೆಯ ವಾಹನಗಳಿಗೆ ಮಾತ್ರ. ಇಂಡಿಕೇಟರ್ ಹಳದಿಯೇ, ಅಂದರೆ ಕಿತ್ತಳೆ ಬೆರೆತ ಆಂಬರ್ ಬಣ್ಣದ್ದೇ ಆಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದಂತೆ 120ಕ್ಕಿಂತ ಹೆಚ್ಚಿಲ್ಲದಂತೆ ಮಿನುಗಬೇಕು. ಮುಂದಿನ ಫಾಗ್ ಲ್ಯಾಂಪಿಗೆ, ಅಂದರೆ ಮಂಜಿನಲ್ಲಿ ಹಾಕುವ ದೀಪಕ್ಕೆ ಮಾತ್ರ ಬಿಳಿ ಅಥವಾ ಹಳದಿ ಎಂಬ ಆಯ್ಕೆಯಿದೆ. ಹೀಗಾಗಿ ನನ್ನ ಇಷ್ಟದಂತೆ ಬಣ್ಣ ಬದಲಿಸಬಹುದಾದ ಜಾಗ ಈ ಕಾರಿನಲ್ಲಿ ಒಂದೇ ಇತ್ತು. ಉಳಿದೆಡೆಯೆಲ್ಲ ಕೆಲಸವೆಂದರೆ ಕಳೆದುಹೋದ ಬಣ್ಣವನ್ನು ಮರಳಿ ತರುವುದು.

ಮೊದಲು ತೆಗೆದುಹಾಕುವ ಕೆಲಸ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಜಾಲರಿಯ ಕ್ಲಿಪ್ಪುಗಳನ್ನು ಎಬ್ಬಿಸಿ ಕೆಂಪು ಸ್ಟ್ರಿಪ್ಪನ್ನು ಕಿತ್ತೆ. ಅದರ ವೈರನ್ನು ಪಾರ್ಕಿಂಗ್ ಲೈಟಿನ ವೈರಿನ ಮೇಲಿನ ಪ್ಲಾಸ್ಟಿಕ್ ಕೆರೆದು, ತಾಮ್ರಕ್ಕೆ ಸುತ್ತಿ, ಇನ್ಸುಲೇಷನ್ ಟೇಪ್ ಹಾಕಿ ಬಿಟ್ಟಿದ್ದರು. ನಮ್ಮ ಕಡೆಯ ಮಳೆಗೆ ಆ ಟೇಪ್ ಬಿಟ್ಟುಕೊಂಡು ತಾಮ್ರ ಹಸಿರುಗಟ್ಟಿತ್ತು. ಆ ಭಾಗವನ್ನು ಕತ್ತರಿಸಿ, ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಕೊಳವೆ ಏರಿಸಿ ಮುಚ್ಚಿದೆ. ಪಾರ್ಕಿಂಗಿನ ನೀಲಿ ಎಲ್‌ಇಡಿಗಳ ಜಾಗಕ್ಕೆ ಮೂಲದ 5 ವ್ಯಾಟಿನ ಬಿಳಿ ಬಲ್ಬುಗಳು ಬಂದವು. ಇದೆಲ್ಲ ಅರ್ಧ ದಿನದಲ್ಲಿ ಮುಗಿಯಿತು.

ಹೆಡ್‌ಲೈಟ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಈ ಕಾರಿನದು ಎಚ್4 ಬಲ್ಬ್, ಒಂದೇ ಗಾಜಿನೊಳಗೆ ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55 ವ್ಯಾಟಿನ ಎರಡು ಫಿಲಮೆಂಟುಗಳಿರುವಂಥದ್ದು. ಬಲ್ಬಿಗೆ ವೈರನ್ನು ಜೋಡಿಸುವ ಹಿಂದಿನ ಕಪ್ಲರ್ ಎಳೆದರೆ ಬರಲಿಲ್ಲ. ಅಲುಗಾಡಿಸಿ ಎಳೆದಾಗ ಅದರ ಒಂದು ಮೂಲೆ ಕರಗಿ ಬಲ್ಬಿನ ಪಿನ್ನಿಗೆ ಅಂಟಿಕೊಂಡಿರುವುದು ಕಂಡಿತು. ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ, ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಬಲ್ಬಿನ ಕಂಠದ ಮೇಲೆ ಬರೆದಿದ್ದುದು 100/90 ವ್ಯಾಟ್. ಲೆಕ್ಕ ಸರಳ: 12 ವೋಲ್ಟಿಗೆ 60 ವ್ಯಾಟಿನ ಬಲ್ಬ್ 5 ಆಂಪಿಯರ್ ಎಳೆದರೆ 100 ವ್ಯಾಟಿನದು 8.3 ಆಂಪಿಯರ್ ಎಳೆಯುತ್ತದೆ, ಆದರೆ ವೈರು, ಕಪ್ಲರ್, ಸ್ವಿಚ್ಚು ಎಲ್ಲವೂ ಮೂಲದ ಬಲ್ಬಿನ ಕರೆಂಟಿಗೆಂದೇ ಮಾಡಿದವು. ಅದರ ಮೇಲೆ ಗಾಜಿಗೆ ನೀಲಿ ಲೇಪ. ಹ್ಯಾಲೊಜೆನ್ ಫಿಲಮೆಂಟು ಕೊಡುವ ಬೆಳಕಿನಲ್ಲಿ ಕೆಂಪು ಹಳದಿಗಳೇ ಹೆಚ್ಚು; ನೀಲಿ ಲೇಪ ಅವನ್ನು ತಡೆದು ನಿಲ್ಲಿಸುತ್ತದೆಯೇ ವಿನಾ ಹೊಸದಾಗಿ ನೀಲಿಯನ್ನು ಹುಟ್ಟಿಸುವುದಿಲ್ಲ. ಹೆಚ್ಚು ಕರೆಂಟು ಸುಟ್ಟು, ಅದರಲ್ಲಿ ಒಂದು ಪಾಲನ್ನು ಗಾಜಿನಲ್ಲೇ ತಡೆದು, ಉಳಿದ ಶಾಖದಿಂದ ಕಪ್ಲರನ್ನು ಕರಗಿಸುವ ಏರ್ಪಾಡು ಇದು.

ಹಿಂದಿನ ಮಾಲೀಕರಿಗೆ ಇಂಥ ಬಲ್ಬ್ ಏಕೆ ಬೇಕೆನಿಸಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂಲದ 60/55 ವ್ಯಾಟಿನ ಹೊಸ ಬಲ್ಬುಗಳನ್ನೂ ಸೆರಾಮಿಕ್ ಹೋಲ್ಡರುಗಳನ್ನೂ ಹಾಕಿ ದೀಪ ಹೊತ್ತಿಸಿದಾಗ ಉತ್ತರ ಸಿಕ್ಕಿತು: ಬೆಳಕು ಮಂಕಾಗಿ, ಕೆಂಪು ಬೆರೆತ ಹಳದಿಯಾಗಿತ್ತು. ಮಲ್ಟಿಮೀಟರ್ ಹಿಡಿದು ನೋಡಿದರೆ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 12.3 ವೋಲ್ಟ್. ಫಿಲಮೆಂಟು ಬಲ್ಬಿನ ಬೆಳಕು ವೋಲ್ಟೇಜಿನೊಂದಿಗೆ ಸಮಸಮವಾಗಿ ಇಳಿಯುವುದಿಲ್ಲ. ಸುಮಾರಾಗಿ ಅದರ ಮೂರೂವರೆ ಘಾತದ ಲೆಕ್ಕದಲ್ಲಿ ಇಳಿಯುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ತಗ್ಗಿದರೆ ಬೆಳಕು ನೂರಕ್ಕೆ ಮೂವತ್ತು ತಗ್ಗಿಹೋಗುತ್ತದೆ, ಜೊತೆಗೆ ಫಿಲಮೆಂಟಿನ ಕಾವು ಇಳಿದು ಬಣ್ಣವೂ ಕೆಂಪಿನತ್ತ ಜಾರುತ್ತದೆ. ನನ್ನ ಕಾರಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಎಲ್ಲಿ ಎಂದು ಒಂದೊಂದೇ ಜಾಗ ಅಳೆಯುತ್ತ ಹೋದಾಗ ಫೆಂಡರಿನ ಒಳಮೈಗೆ ಬೋಲ್ಟ್ ಮಾಡಿದ ಅರ್ಥ್ ವೈರಿನ ಬುಡದಲ್ಲಿ ತುಕ್ಕು ಸಿಕ್ಕಿತು. ಬೋಲ್ಟ್ ಬಿಚ್ಚಿ, ತಗಡು ಹೊಳೆಯುವವರೆಗೆ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಒತ್ತಿ, ಬಿಗಿದ ಮೇಲೆ ಗ್ರೀಸ್ ಸವರಿದೆ. ಫ್ಯೂಸ್ ಕಾಲುಗಳನ್ನೂ ಉಜ್ಜಿದೆ. ಈಗ ಹೋಲ್ಡರಿನಲ್ಲಿ 13.6 ವೋಲ್ಟ್. ಅದೇ ಬಲ್ಬು, ಬೇರೆಯದೇ ಬಿಳುಪು. ಬೆಳಕು ಹಳದಿಯಾಗಿದೆ ಎಂದು ಬಲ್ಬ್ ಬದಲಿಸಲು ಹೊರಡುವವರು ಮೊದಲು ಈ ಒಂದು ಬೋಲ್ಟನ್ನು ನೋಡಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಎಲ್‌ಇಡಿ ಏಕೆ ಹಾಕಲಿಲ್ಲ ಎಂದು ಪರಿಚಿತರು ಹಲವರು ಕೇಳಿದರು. ಎಚ್4 ಹೆಡ್‌ಲೈಟಿನ ಪ್ರತಿಫಲಕದ ಬಾಗು, ಒಂದು ನಿರ್ದಿಷ್ಟ ಬಿಂದುವಿನಲ್ಲಿ ಕೂದಲೆಳೆಯಷ್ಟು ಸಣ್ಣ ಫಿಲಮೆಂಟು ಇದೆ ಎಂದು ಎಣಿಸಿ ರೂಪಿಸಿದ್ದು. ಲೋ ಬೀಮಿನ ಫಿಲಮೆಂಟಿನ ಕೆಳಗೆ ಬಟ್ಟಲಿನಂಥ ಪುಟ್ಟ ತಗಡೊಂದಿದ್ದು, ಕೆಳಗೆ ಬಿದ್ದು ಮೇಲಕ್ಕೆ ಪುಟಿಯುವ ಬೆಳಕನ್ನು ಅದು ತಡೆಯುತ್ತದೆ; ಎದುರಿನವರ ಕಣ್ಣು ಉಳಿಯುವುದು ಆ ತಗಡಿನಿಂದ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹೊರಡುವುದು ಒಂದು ಪಟ್ಟಿಯ ಎರಡು ಮಗ್ಗುಲಿಗೆ ಕೂರಿಸಿದ ಚಿಪ್ಪುಗಳಿಂದ. ಸ್ಥಾನ ಒಂದು ಮಿಲಿಮೀಟರ್ ಆಚೀಚೆಯಾದರೂ ಬೆಳಕಿನ ಗೆರೆ ಕದಡಿಹೋಗುತ್ತದೆ. ಈ ಹೆಡ್‌ಲೈಟಿಗೆ ಅನುಮೋದನೆ ದೊರೆತಿರುವುದು ಹ್ಯಾಲೊಜೆನ್ ಬಲ್ಬಿನ ಜೊತೆಗೆ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದ್ದು ನನಗೆ ಸರಿಯೆನಿಸಿತು. ಘಾಟಿಯ ರಸ್ತೆಯಲ್ಲಿ ಎದುರಿನವರ ಕಣ್ಣು ಎರಡು ಸೆಕೆಂಡ್ ಮಂಜಾದರೂ ಸಾಕು.

ಇನ್ನು ಬಲ ಹೆಡ್‌ಲೈಟಿನ ಗಾಜು. ಗಾಜು ಎಂದು ರೂಢಿಯಲ್ಲಿ ಹೇಳುತ್ತೇವೆ, ಆದರೆ ಅದು ಪಾಲಿಕಾರ್ಬೊನೇಟ್. ಅದರ ಮೇಲೆ ಕಾರ್ಖಾನೆಯಲ್ಲಿ ಹಚ್ಚಿದ ಗಟ್ಟಿ ಲೇಪ ಬಿಸಿಲಿನ ನೇರಳಾತೀತ ಕಿರಣಕ್ಕೆ ಸವೆದುಹೋದ ಮೇಲೆ ಒಳಗಿನ ಪ್ಲಾಸ್ಟಿಕ್ ಹಳದಿಯಾಗಿ, ಸೂಕ್ಷ್ಮ ಬಿರುಕುಬಿಟ್ಟು, ಬೆಳಕನ್ನು ಚದುರಿಸುತ್ತದೆ. ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿ, ನೀರು ಚಿಮುಕಿಸುತ್ತ 800ರ ವಾಟರ್ ಪೇಪರಿನಿಂದ ಆರಂಭಿಸಿದೆ. ಮೊದಲ ಐದು ನಿಮಿಷ ಇಳಿದ ನೀರು ಅರಿಸಿನ ಕದಡಿದ ಬಣ್ಣದ್ದು; ಅದು ಬಿಳಿ ನೊರೆಯಾಗುವವರೆಗೆ ಉಜ್ಜಿದ ಮೇಲೆಯೇ ಮುಂದಿನ ನಂಬರಿಗೆ ಹೋಗಬೇಕು. 1000, 1500, 2000, ಕೊನೆಗೆ 3000. ಪ್ರತಿ ಸಲ ಉಜ್ಜುವ ದಿಕ್ಕನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಬದಲಿಸಿದರೆ ಹಿಂದಿನ ಪೇಪರಿನ ಗೀರು ಉಳಿದಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಅವಸರಕ್ಕೆ 1500ನ್ನು ಬಿಟ್ಟು 2000ಕ್ಕೆ ಹಾರಿದರೆ ಪಾಲಿಷ್ ಹಾಕಿದ ಮೇಲೆ ಗೀರುಗಳೆಲ್ಲ ರಾತ್ರಿ ಬೆಳಕಿನಲ್ಲಿ ಜೇಡರ ಬಲೆಯಂತೆ ಎದ್ದು ಕಾಣುತ್ತವೆ.

ಪಾಲಿಷ್ ಆದ ನಂತರ ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್ ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನ ಸ್ಥಿತಿ. ಇಲ್ಲಿ ನಾನು ತಪ್ಪು ಮಾಡಿದೆ. ಜುಲೈ ಮಧ್ಯದ ಮಳೆಯಲ್ಲಿ, ಶೆಡ್ಡಿನ ಕೆಳಗೆ ನೀರು ಬೀಳುವುದಿಲ್ಲವಲ್ಲ ಎಂಬ ಧೈರ್ಯದಿಂದ ಸ್ಪ್ರೇ ಮಾಡಿದೆ. ಹತ್ತು ನಿಮಿಷದಲ್ಲಿ ಮೇಲ್ಮೈ ಗಂಜಿ ಸುರಿದಂತೆ ಬಿಳಿಚಿಕೊಂಡಿತು. ದ್ರಾವಕ ಆರುವಾಗ ಮೇಲ್ಮೈ ತಂಪಾಗಿ, ಗಾಳಿಯ ತೇವ ಅದರ ಮೇಲೆ ಕೂತು ಒಳಗೆ ಸಿಕ್ಕಿಕೊಂಡದ್ದೇ ಇದಕ್ಕೆ ಕಾರಣ. ಪೂರ್ತಿ ಕೆರೆದು, 1500ರಿಂದ ಮತ್ತೆ ಆರಂಭಿಸಿ, ಎರಡು ವಾರ ಕಾದು, ಮಳೆ ಬಿಟ್ಟ ಒಂದು ಮಧ್ಯಾಹ್ನ ಹೇರ್ ಡ್ರೈಯರಿನಿಂದ ಗಾಜನ್ನು ಬೆಚ್ಚಗೆ ಮಾಡಿಕೊಂಡು ತೆಳುವಾಗಿ ಮೂರು ಪದರ ಹೊಡೆದೆ. ಈ ಸಲ ತಿಳಿಯಾಗಿ ಕೂತಿತು. ಮಲೆನಾಡಿನಲ್ಲಿರುವವರು ಈ ಕೆಲಸವನ್ನು ಜನವರಿಗೋ ಫೆಬ್ರವರಿಗೋ ಇಟ್ಟುಕೊಳ್ಳುವುದು ಒಳ್ಳೆಯದು.

ಇಂಡಿಕೇಟರಿನ ವಿಷಯ ಚಿಕ್ಕದು, ಆದರೆ ಬಹಳ ಕಾರುಗಳಲ್ಲಿ ಗಮನಕ್ಕೆ ಬಾರದೆ ಉಳಿಯುವಂಥದ್ದು. ಮುಂದಿನ ಇಂಡಿಕೇಟರಿನ ಗಾಜು ಬಿಳಿಯಾಗಿದ್ದರೆ ಬಣ್ಣ ಬರುವುದು ಬಲ್ಬಿನ ಮೇಲಿನ ಹಳದಿ ಲೇಪದಿಂದ. ವರ್ಷಗಳ ಶಾಖಕ್ಕೆ ಆ ಲೇಪ ಸುಲಿದುಹೋಗುತ್ತದೆ. ನನ್ನ ಕಾರಿನ ಎಡ ಬಲ್ಬನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದರೆ ಬುಡದಲ್ಲಿ ಉಂಗುರದಷ್ಟು ಕಿತ್ತಳೆ ಉಳಿದಿತ್ತು, ಮೇಲೆಲ್ಲ ಬರಿಯ ಗಾಜು. ಅಂಗಡಿಯಲ್ಲಿ ಹಳದಿ ಬಲ್ಬ್ ಅಂದು ಇರಲಿಲ್ಲ. ಅಲ್ಲಿದ್ದ ಹುಡುಗ 21 ವ್ಯಾಟಿನ ಬಿಳಿ ಬಲ್ಬ್ ತೋರಿಸಿ, "ಸಾರ್, ಈ ಪಿನ್ನನ್ನ ಸ್ವಲ್ಪ ಉಜ್ಜಿದ್ರೆ ಕೂತ್ಕೊಳ್ಳುತ್ತೆ" ಎಂದ. ಕೂರುತ್ತದೆ ನಿಜ; ಹಾಗೆ ಕೂರಬಾರದೆಂದೇ ಬಿಳಿ ಬಲ್ಬಿನ ಎರಡು ಪಿನ್ನುಗಳನ್ನು 180 ಡಿಗ್ರಿಯಲ್ಲಿ ಎದುರುಬದುರಾಗಿಯೂ ಹಳದಿಯದನ್ನು 150 ಡಿಗ್ರಿಯಲ್ಲಿಯೂ ಇಟ್ಟಿದ್ದಾರೆ. "ಬೇಡಪ್ಪಾ, ಪಿವೈ21 ಅಂತ ಬರೆದಿರೋದೇ ತರಿಸಿಕೊಡು" ಎಂದು ಹೇಳಿ ಮೂರು ದಿನ ಕಾದೆ. ಬಲಗಡೆಯ ಅತಿವೇಗದ ಕಾರಣ ಹಿಂದಿನ ಇಂಡಿಕೇಟರಿನಲ್ಲಿದ್ದ ಎಲ್‌ಇಡಿ: ಅದು ಎಳೆಯುವ ಕರೆಂಟು ತೀರಾ ಕಡಿಮೆಯಾದ್ದರಿಂದ ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಷರ್, ಬಲ್ಬ್ ಸುಟ್ಟಿದೆಯೆಂದು ತಿಳಿದು ವೇಗ ಹೆಚ್ಚಿಸುತ್ತದೆ. ಅರ್ಧ ನಿಮಿಷ ಎಣಿಸಿದಾಗ 74 ಬಂತು, ಅಂದರೆ ನಿಮಿಷಕ್ಕೆ 148. ಇದಕ್ಕೆ ರೆಸಿಸ್ಟರ್ ಜೋಡಿಸುವ ಉಪಾಯವಿದೆ, ಆದರೆ 6 ಓಮಿನ ರೆಸಿಸ್ಟರ್ ಇಂಡಿಕೇಟರ್ ಉರಿದಷ್ಟು ಹೊತ್ತೂ 24 ವ್ಯಾಟಿನಷ್ಟು ಶಾಖವನ್ನು ಬಂಪರಿನ ಪ್ಲಾಸ್ಟಿಕ್ಕಿನ ಪಕ್ಕದಲ್ಲೇ ಕಾರುತ್ತದೆ. ಮೂಲದ ಬಲ್ಬ್ ಹಾಕಿದೆ, ಎಣಿಕೆ 86ಕ್ಕೆ ಇಳಿಯಿತು.

ಹಿಂದಿನ ದೀಪದ ಕಪ್ಪು ಫಿಲ್ಮನ್ನು ಹೇರ್ ಡ್ರೈಯರಿನ ಬಿಸಿಗೆ ಮೆತ್ತಗಾಗಿಸಿ ಒಂದು ಮೂಲೆಯಿಂದ ನಿಧಾನವಾಗಿ ಎಳೆದು, ಉಳಿದ ಅಂಟನ್ನು ಸೀಮೆಎಣ್ಣೆ ತೊಟ್ಟಿಕ್ಕಿದ ಬಟ್ಟೆಯಿಂದ ಒರೆಸಿ, ತಕ್ಷಣ ಸೋಪಿನ ನೀರಿನಿಂದ ತೊಳೆದೆ. ಒಳಗಿದ್ದುದು ಬಿಳಿ ಎಲ್‌ಇಡಿ, ಗುಲಾಬಿ ಬಣ್ಣಕ್ಕೆ ಅದೇ ಕಾರಣ. ಬಿಳಿ ಎಲ್‌ಇಡಿ ಎಂಬುದು ನೀಲಿ ಚಿಪ್ಪಿನ ಮೇಲೆ ಹಳದಿ ಬೆಳಕು ಸೂಸುವ ಫಾಸ್ಫರ್ ಲೇಪ ಹಚ್ಚಿ ಮಾಡಿದ್ದು. ಅದರಲ್ಲಿ ಕೆಂಪಿನ ಪಾಲು ಕಡಿಮೆ. ಕೆಂಪನ್ನು ಮಾತ್ರ ಹೊರಬಿಡುವ ಗಾಜಿನ ಹಿಂದೆ ಕೆಂಪೇ ಕಡಿಮೆಯಿರುವ ದೀಪವಿಟ್ಟರೆ ಹೊರಬರುವುದು ತೆಳುಬಣ್ಣ. 21/5 ವ್ಯಾಟಿನ ಮಾಮೂಲು ಬಲ್ಬ್ ಹಾಕಿದೊಡನೆ ದಾಸವಾಳದ ಕೆಂಪು ಮರಳಿತು.

ಉಳಿದದ್ದು ಫಾಗ್ ಲ್ಯಾಂಪ್, ನಾನು ಮನಸಾರೆ ಬದಲಿಸಿದ ಒಂದೇ ಬಣ್ಣ. ಅವು ಕಾರ್ಖಾನೆಯಿಂದಲೇ ಬಂದವು, ಆದ್ದರಿಂದ ಹೊಸ ದೀಪ ಜೋಡಿಸಿದಂತಾಗಲಿಲ್ಲ. ಹಳೆಯ ಬಲ್ಬಿನ ಕಂಠದ ಮೇಲಿದ್ದ ಅದೇ ನಂಬರಿನ, ಅದೇ 55 ವ್ಯಾಟಿನ, ವೃತ್ತದೊಳಗೆ ಇ ಅಕ್ಷರದ ಅನುಮೋದನೆಯ ಗುರುತಿರುವ ಹಳದಿ ಹ್ಯಾಲೊಜೆನ್ ಬಲ್ಬುಗಳನ್ನು ಆರಿಸಿಕೊಂಡೆ. ಗಾಜನ್ನು ಬೆರಳಿನಿಂದ ಮುಟ್ಟದೆ ಕಾಗದದಲ್ಲಿ ಹಿಡಿದು ಕೂರಿಸಬೇಕು, ಬೆರಳಿನ ಜಿಡ್ಡು ಉಳಿದ ಜಾಗ ಹೆಚ್ಚು ಕಾದು ಗಾಜು ಸೀಳಬಹುದು.

ಹಳದಿ ಬೆಳಕು ಮಂಜನ್ನು ತೂರಿಕೊಂಡು ಹೋಗುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಅದು ಸರಿಯಲ್ಲ. ಆಕಾಶವನ್ನು ನೀಲಿಯಾಗಿಸುವ ಚದುರುವಿಕೆ ಬೆಳಕಿನ ತರಂಗಾಂತರಕ್ಕಿಂತ ಬಹಳ ಸಣ್ಣ ಕಣಗಳಿಗೆ ಅನ್ವಯಿಸುತ್ತದೆ. ಮಂಜಿನ ಹನಿಗಳು ತರಂಗಾಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಮಂಜಿನ ಬಿಳುಪೇ ಇದಕ್ಕೆ ಸಾಕ್ಷಿ. ಹಳದಿಯ ಲಾಭವಿರುವುದು ನಮ್ಮ ಕಣ್ಣಿನಲ್ಲಿ: ಕಣ್ಣನ್ನು ಹೆಚ್ಚು ಕುಕ್ಕುವ ನೀಲಿಯ ಪಾಲನ್ನು ತೆಗೆದುಹಾಕಿದಾಗ ಮಂಜಿನಿಂದ ಮರಳಿ ಬರುವ ಬೆಳಕು ಅಷ್ಟು ಚುಚ್ಚುವುದಿಲ್ಲ. ಫ್ರಾನ್ಸ್ ದೇಶದಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ಹೆಡ್‌ಲೈಟೂ ಹಳದಿಯೇ ಇರಬೇಕೆಂಬ ನಿಯಮವಿದ್ದದ್ದು ಇದೇ ನಂಬಿಕೆಯಿಂದ. ಆದರೂ ಮಂಜಿನಲ್ಲಿ ಹೆಚ್ಚಿನ ಕೆಲಸ ಮಾಡುವುದು ಬಣ್ಣವಲ್ಲ, ಫಾಗ್ ಲ್ಯಾಂಪ್ ಬಂಪರಿನ ಕೆಳಗೆ ಕೂತು ಬೆಳಕನ್ನು ಅಗಲವಾಗಿ, ನೆಲಕ್ಕೆ ಹತ್ತಿರವಾಗಿ ಹಾಸುವುದು. ಹಾಗಾಗಿ ಬಣ್ಣ ಬದಲಿಸಿದ ಮೇಲೆ ಅವು ಮೇಲಕ್ಕೆ ನೋಡುತ್ತಿಲ್ಲವೆಂದು ಪರೀಕ್ಷಿಸಿಕೊಳ್ಳಬೇಕು.

ಕೊನೆಗೆ ಹೆಡ್‌ಲೈಟ್ ಅಲೈನ್‌ಮೆಂಟ್. ಸಮತಟ್ಟಾದ ಅಂಗಳದಲ್ಲಿ ಗೋಡೆಯಿಂದ 7.5 ಮೀಟರ್ ದೂರಕ್ಕೆ ಕಾರು ನಿಲ್ಲಿಸಿ, ಟೈರಿನ ಗಾಳಿ ಸರಿಮಾಡಿ, ಡ್ರೈವರ್ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಹೆಡ್‌ಲೈಟನ್ನು ಮೇಲೆ ಕೆಳಗೆ ಮಾಡುವ ಡ್ಯಾಶ್‌ಬೋರ್ಡಿನ ಲೆವೆಲ್ ಗುಂಡಿಯನ್ನು ಸೊನ್ನೆಗೆ ಇಟ್ಟೆ. ಬಲ್ಬಿನ ಮಧ್ಯದ ಎತ್ತರವನ್ನು ಅಳೆದು ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ಅದಕ್ಕಿಂತ 7.5 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ ಎಳೆದೆ. ನೂರಕ್ಕೆ ಒಂದರಷ್ಟು ಇಳಿಜಾರಿನ ಲೆಕ್ಕ ಅದು. ಲೋ ಬೀಮಿನ ಮೇಲಂಚು ಕೆಳಗಿನ ಗೆರೆಯ ಮೇಲೆ ಮಲಗಬೇಕು, ಎಡಗಡೆಗೆ ಮಾತ್ರ ಓರೆಯಾಗಿ ಏರಬೇಕು, ಏಕೆಂದರೆ ನಾವು ಎಡಕ್ಕೆ ಓಡಿಸುವವರು, ನಮ್ಮ ಮಗ್ಗುಲ ರಸ್ತೆಯಂಚು ಇರುವುದು ಅಲ್ಲಿ. ನನ್ನ ಎಡದ ದೀಪ ಎರಡು ಅಂಗೈಯಷ್ಟು ಮೇಲಿತ್ತು. ಹಿಂದಿನ ಸ್ಕ್ರೂ ತಿರುಗಿಸಿ ಇಳಿಸಿದೆ.

106ನೆಯ ನಿಯಮದಲ್ಲಿ ಇದಕ್ಕೊಂದು ನೇರವಾದ ಅಳತೆಯಿದೆ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. ರಜೆಗೆ ಬಂದಿದ್ದ ಮಗಳ ಕಣ್ಣು ಹೆಚ್ಚುಕಡಿಮೆ ಆ ಎತ್ತರಕ್ಕೇ ಬರುತ್ತದೆ. ಟೇಪು ಹಿಡಿದು ಅಳೆದು ಅವಳನ್ನು ಅಲ್ಲಿ ನಿಲ್ಲಿಸಿ, ಲೋ ಬೀಮ್ ಹಾಕಿ, ಏನು ಕಾಣುತ್ತದೆ ಎಂದು ಕೇಳಿದೆ. "ನಂಬರ್ ಪ್ಲೇಟ್ ಓದೋಕಾಗ್ತಿದೆ ಅಪ್ಪ, ಒಳಗೆ ನಿಮ್ಮ ಕನ್ನಡಕಾನೂ ಕಾಣ್ತಿದೆ" ಎಂದಳು. ಎರಡು ದಿನ ಬಿಟ್ಟು ಅವಳನ್ನು ಉಜಿರೆಗೆ ಬಿಟ್ಟು ಕತ್ತಲಾದ ಮೇಲೆ ಘಾಟಿ ಹತ್ತಿ ಬಂದೆ. ಮಂಜಿತ್ತು. ಹಳದಿ ಬೆಳಕಿನ ಹಾಸಿನಲ್ಲಿ ಎಡಗಡೆಯ ಬಿಳಿ ಗೆರೆ ಬಂಪರಿನ ಬುಡದಿಂದ ಆರೇಳು ಮಾರು ದೂರದವರೆಗೆ ಬಿಡದೆ ಕಾಣಿಸಿತು. ಎದುರಿಗೆ ಬಂದ ಎರಡು ಬಸ್ಸುಗಳೂ ದೀಪ ಮಿನುಗಿಸದೆ ದಾಟಿ ಹೋದವು. ಮನೆಗೆ ಬಂದು ಬಾನೆಟ್ ಎತ್ತಿ ಸೆರಾಮಿಕ್ ಹೋಲ್ಡರುಗಳ ಹಿಂದಿನ ವೈರನ್ನು ಮುಟ್ಟಿ ನೋಡಿದೆ. ಬೆಚ್ಚಗಿತ್ತು ಅಷ್ಟೇ, ಸುಡುತ್ತಿರಲಿಲ್ಲ.